ಬಲಗಡೆಯ ಸೀಟು

ಅನುವಾದದ ಕಸುಬಿನಲ್ಲಿ ಎಂಥೆಂಥ ಕಾಗದ ಕೈಗೆ ಬರುತ್ತವೆ ಅನ್ನುವುದಕ್ಕೆ ಲೆಕ್ಕವಿಲ್ಲ. ಪುಣೆಯಲ್ಲಿ ಕೂತು ನಾನು ಇಷ್ಟು ವರ್ಷಗಳಲ್ಲಿ ವಿಮಾ ಪಾಲಿಸಿ, ಔಷಧದ ಚೀಟಿ, ಪ್ರೆಶರ್ ಕುಕ್ಕರಿನ ಕೈಪಿಡಿ, ಬೀಜದ ಪೊಟ್ಟಣದ ಹಿಂಬದಿ, ಲಿಫ್ಟಿನೊಳಗಿನ ಎಚ್ಚರಿಕೆ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ಬಂದದ್ದು ಮಾತ್ರ ಹೊಸ ಬಗೆಯದು. ಒಂದು ಎಕ್ಸೆಲ್ ಶೀಟು, ಅದರಲ್ಲಿ 43 ಸಾಲು, ಪ್ರತಿ ಸಾಲಿನಲ್ಲೂ ಒಂದೋ ಎರಡೋ ಇಂಗ್ಲಿಷ್ ಪದ. ಮಾಸ್ಟರ್. ಆಲ್ಟರ್ನೇಟರ್. ಫ್ಯೂಯೆಲ್ ಪಂಪ್. ಮಿಕ್ಸ್ಚರ್. ಪಿಟೋ ಹೀಟ್. ಎದುರಿನ ಕಾಲಮ್ಮಿನಲ್ಲಿ ಆಯಾ ಪದಕ್ಕೆ ಸಿಗುವ ಜಾಗ, ಮಿಲಿಮೀಟರಿನಲ್ಲಿ. 22 ಅಗಲ, 4 ಎತ್ತರ.

ಕಳಿಸಿದವನು ನನ್ನ ಸೋದರಮಾವ. ಧಾರವಾಡದವನು, ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮೂವತ್ತು ವರ್ಷದಿಂದ ಇದ್ದಾನೆ, ನಿವೃತ್ತ ಎಂಜಿನಿಯರ್. (ಬಹುವಚನ ಹಚ್ಚಿದರೆ ಅವನಿಗೇ ಸಿಟ್ಟು ಬರುತ್ತದೆ, ಹಾಗಾಗಿ ಇಲ್ಲಿಯೂ ಏಕವಚನವೇ.) ಆರು ವರ್ಷಗಳಿಂದ ತನ್ನ ಗ್ಯಾರೇಜಿನಲ್ಲಿ ಒಂದು ವಿಮಾನ ಕಟ್ಟುತ್ತಿದ್ದಾನೆ. ಆಟಿಕೆಯಲ್ಲ, ಇಬ್ಬರು ಪಕ್ಕಪಕ್ಕ ಕೂತು ಹಾರುವಂಥದು. ಅದೇ ರಾಜ್ಯದ ಅರೋರಾ ಎಂಬ ಊರಿನ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಅಲ್ಯೂಮಿನಿಯಂ ತಗಡು, ರಿವೆಟ್ಟು, ನಕ್ಷೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತದೆ. ಕೊಂಡವರು ಮನೆಯಲ್ಲಿ ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿ ಹಾರಿಸಿದ ವಿಮಾನಗಳು ಹನ್ನೊಂದು ಸಾವಿರಕ್ಕೂ ಹೆಚ್ಚು. ಮಾಮಾ ಕಟ್ಟುತ್ತಿರುವುದು ಆರ್‌ವಿ-9ಎ ಎಂಬ ಮಾದರಿ. ಅಲ್ಲಿನ ಕಾನೂನಿನ ಪ್ರಕಾರ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ತಾವೇ, ಕಲಿಕೆಗಾಗಿ ಅಥವಾ ಖುಷಿಗಾಗಿ ಮಾಡಿರಬೇಕು. ಆಗ ಅದು 'ಎಕ್ಸ್‌ಪೆರಿಮೆಂಟಲ್' ಎಂಬ ವರ್ಗಕ್ಕೆ ಸೇರುತ್ತದೆ. ಮುಂಬಯಿಯ ಓದುಗರಿಗೆ ಅಮೋಲ್ ಯಾದವ್ ನೆನಪಿರಬಹುದು. ಕಾಂದಿವಲಿಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ತಂದು ನಿಲ್ಲಿಸಿದ್ದರಲ್ಲ, ಅವರು. ನಮ್ಮಲ್ಲಿ ಅಂಥವರು ಒಬ್ಬಿಬ್ಬರು. ಅಲ್ಲಿ ಅದು ನಾಲ್ಕು ಮನೆ ಆಚೆಯವನ ಹವ್ಯಾಸ.

ರೆಕ್ಕೆ, ಬಾಲ, ಹೊಟ್ಟೆ ಎಲ್ಲಕ್ಕೂ ಕಂಪನಿಯ ನಕ್ಷೆ ಇರುತ್ತದೆ. ರಿವೆಟ್ಟಿಗೂ ರಿವೆಟ್ಟಿಗೂ ನಡುವಿನ ಅಂತರವನ್ನೂ ಅದೇ ಹೇಳುತ್ತದೆ. ಆದರೆ ಪೈಲಟ್ಟಿನ ಎದುರಿಗೆ ಬರುವ ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಮಾತ್ರ ಒಂದು ಖಾಲಿ ತಗಡು. ಸುಮಾರು ಮೂರೂವರೆ ಅಡಿ ಅಗಲದ ಆ ತಗಡಿನ ಮೇಲೆ ಏನು ಎಲ್ಲಿ ಕೂರಬೇಕು ಅನ್ನುವುದು ಕಟ್ಟುವವನ ಇಷ್ಟ. "ಇದೊಂದರಾಗ ನನಗ ಯಾರೂ ಹೇಳೋರಿಲ್ಲ ನೋಡು" ಅಂದಿದ್ದ ಮಾಮಾ, ಮೊದಲ ನಕ್ಷೆ ಕಳಿಸಿದಾಗ. ಆರು ವರ್ಷ ಇನ್ನೊಬ್ಬರ ನಕ್ಷೆಯಂತೆ ತೂತು ಕೊರೆದವನ ಮಾತು ಅದು.

ಆ ಸ್ವಾತಂತ್ರ್ಯ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂದು ತಿಳಿಯಲು ನಾನು ಸ್ವಲ್ಪ ಓದಬೇಕಾಯಿತು. ಅನುವಾದಕರಿಗೆ ಇದೊಂದು ಚಟ. ನಾಲ್ಕು ಪದಕ್ಕೆ ನಲವತ್ತು ಪುಟ ಓದುತ್ತೇವೆ, ಕೂಲಿ ಮಾತ್ರ ಪದದ ಲೆಕ್ಕದಲ್ಲಿ. (ಈ ಕೆಲಸಕ್ಕೆ ಕೂಲಿ ಒಂದು ಡಬ್ಬಿ ಮೇಪಲ್ ಸಿರಪ್.)

ಮೋಡದೊಳಗೆ ಸಿಕ್ಕಿದ ಪೈಲಟ್ಟಿಗೆ ತಾನು ಸಮನಾಗಿದ್ದೇನೋ ವಾಲಿದ್ದೇನೋ ಮೈಗೆ ಗೊತ್ತಾಗುವುದಿಲ್ಲ. ಕಿವಿಯೊಳಗಿನ ತೂಕದ ಅರಿವು ಸುಳ್ಳು ಹೇಳತೊಡಗುತ್ತದೆ. ಕಣ್ಣು ಮೀಟರಿನಿಂದ ಮೀಟರಿಗೆ ಓಡಬೇಕು, ಅದೂ ಹುಡುಕದೆ ಓಡಬೇಕು. 1930ರ ದಶಕದಲ್ಲಿ ಬ್ರಿಟನ್ನಿನ ವಾಯುಪಡೆ ಆರು ಮುಖ್ಯ ಮೀಟರುಗಳನ್ನು ಎರಡು ಸಾಲಿನಲ್ಲಿ ಒಂದೇ ಕ್ರಮದಲ್ಲಿ ಇಡುವ ಫಲಕವೊಂದನ್ನು ಗೊತ್ತುಮಾಡಿತು. ಸ್ಪಿಟ್‌ಫೈರ್ ಎಂಬ ಒಬ್ಬನೇ ಕೂರುವ ವಿಮಾನದಲ್ಲೂ ಲ್ಯಾಂಕಾಸ್ಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರಿನಲ್ಲೂ ಅದೇ ಆರು, ಅದೇ ಜಾಗ. ಒಂದರಿಂದ ಇನ್ನೊಂದಕ್ಕೆ ಹೋದ ಪೈಲಟ್ಟಿನ ಕಣ್ಣು ಹೊಸದಾಗಿ ಕಲಿಯಬೇಕಿಲ್ಲ. ಮುಂದೆ ಬಂದ ಕ್ರಮದಲ್ಲಿ ನಡುವೆ ದಿಗಂತ, ಅದರ ಎಡಕ್ಕೆ ವೇಗ, ಬಲಕ್ಕೆ ಎತ್ತರ, ಕೆಳಗೆ ದಿಕ್ಕು. ಇಂಗ್ಲಿಷಿನ 'ಟಿ' ಅಕ್ಷರದಂತೆ. ಇಂದು ಗಾಜಿನ ಪರದೆ ಬಂದು ಮುಳ್ಳುಗಳೆಲ್ಲ ಮಾಯವಾಗಿದ್ದರೂ ಪರದೆಯ ಮೇಲೆ ವೇಗ ಎಡಗಡೆಯೇ ಇದೆ, ಎತ್ತರ ಬಲಗಡೆಯೇ.

ಎಂ.ಎ.ಯಲ್ಲಿ ಭಾಷಾವಿಜ್ಞಾನ ಓದಿದ್ದಕ್ಕೋ ಏನೋ, ನನಗೆ ಇದು ವಾಕ್ಯದಲ್ಲಿ ಪದಗಳು ಕೂರುವ ಕ್ರಮದಂತೆಯೇ ಕಂಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ನಾವು ಯಾರೂ ಯೋಚಿಸುವುದಿಲ್ಲ; ಆದರೆ ಬೇರೆಡೆ ಬಂದರೆ ಕಿವಿ ತಡವರಿಸುತ್ತದೆ. ಎತ್ತರದ ಮೀಟರು ಎಡಕ್ಕೆ ಬಂದರೆ ಕಣ್ಣೂ ಹಾಗೆಯೇ ತಡವರಿಸೀತು.

ಮಾಮಾನ ನಕ್ಷೆಯಲ್ಲಿ ಎಡಗಡೆ, ಅಂದರೆ ಅವನ ಎದುರಿಗೆ, 10 ಇಂಚಿನ ಒಂದು ಪರದೆ. ನಡುವೆ ರೇಡಿಯೋ. ಅದರ ಆಚೆ ಎಂಜಿನ್ನಿನ ಲೆಕ್ಕಗಳಿಗೆ ಇನ್ನೊಂದು ಪರದೆ. ಕೆಳಗೆ ಹತ್ತು ಸ್ವಿಚ್ಚುಗಳ ಸಾಲು. ಅದರ ಕೆಳಗೆ ಎಂಜಿನ್ನಿನ ಹಿಡಿಕೆಗಳು, ಎಲ್ಲ ಲಘು ವಿಮಾನಗಳಲ್ಲೂ ಇರುವ ಬಣ್ಣದಲ್ಲಿ: ವೇಗ ಹೆಚ್ಚಿಸುವ ಥ್ರಾಟಲ್ ಕಪ್ಪು, ಪೆಟ್ರೋಲು ಮತ್ತು ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಕೆಂಪು. ಕೆಂಪನ್ನು ಪೂರ್ತಿ ಎಳೆದರೆ ಎಂಜಿನ್ ನಿಲ್ಲುತ್ತದೆ. ನೆಲದ ಮೇಲೆ ಎಂಜಿನ್ ಆರಿಸುವುದು ಹಾಗೆಯೇ. ಬಲತುದಿಯಲ್ಲಿ ಫ್ಯೂಸುಗಳ ಬದಲು ಬರುವ ಬ್ರೇಕರುಗಳು, ಒಂದು ಚಾರ್ಜಿಂಗ್ ಸಾಕೆಟ್, ಮತ್ತು ನಕ್ಷೆ ತುರುಕಲು ಒಂದು ಖಾನೆ.

ಬಲಗಡೆಯ ಸೀಟಿನಲ್ಲಿ ಕೂರುವವಳು ಮಾಮಿ. ಆ ಸೀಟಿನ ಎದುರಿಗೆ ಇದ್ದದ್ದು ಆ ಖಾನೆ.

ಕನ್ನಡದ ಲೇಬಲ್ಲು ಯಾಕೆ ಬೇಕಾದವು ಎಂದು ಈಗ ಹೇಳಬಹುದು. ಮಾಮಿ ಅವನಿಗೆ ಒಂದು ಪ್ರಶ್ನೆ ಕೇಳಿದ್ದಳು. "ಮ್ಯಾಲೆ ಹೋದಾಗ ನಿಮಗೇನರ ಆತಂದ್ರ ನಾ ಏನ್ ಮಾಡ್ಲಿ?" ಮಾಮಾನ ವಯಸ್ಸು 62. ಆರೋಗ್ಯ ಚೆನ್ನಾಗಿದೆ, ಆದರೆ ಅವನ ಅಪ್ಪ, ನನ್ನ ಅಜ್ಜ, 64ಕ್ಕೆ ಊಟಕ್ಕೆ ಕೂತಲ್ಲೇ ಹೋದವರು. ಆ ಪ್ರಶ್ನೆಗೆ ಮಾಮಾ ಕಂಡುಕೊಂಡ ಉತ್ತರವೇ ಭಾಷೆ. ಗಾಬರಿಯಾದಾಗ ಮಾಮಿಗೆ ಕನ್ನಡವೇ ಬಾಯಿಗೆ ಬರುತ್ತದೆ, ಆದ್ದರಿಂದ ಎಲ್ಲ ಸ್ವಿಚ್ಚಿಗೂ ಕನ್ನಡ ಇದ್ದರೆ ಆಕೆ ಏನಾದರೂ ಮಾಡಿಯಾಳು. ಹೆಂಡತಿಯ ಮೇಲಿನ ಪ್ರೀತಿಯೂ ಎಂಜಿನಿಯರನ ಜಿದ್ದೂ ಬೆರೆತ ಉತ್ತರ ಅದು. ನನಗೂ ಇಷ್ಟವಾಯಿತು, ನಾನೂ ಭಾಷೆಯಿಂದಲೇ ಅನ್ನ ತಿನ್ನುವವಳು.

ಕೆಲಸ ಶುರುಮಾಡಿದೆ. 4 ಮಿಲಿಮೀಟರ್ ಎತ್ತರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಹಾಯಾಗಿ ಕೂರುತ್ತವೆ. ಕನ್ನಡಕ್ಕೆ ಅದೇ ಜಾಗದಲ್ಲಿ ಅಕ್ಷರವೂ ಬೇಕು, ಮೇಲೆ ಗುಡಿಸೂ ಬೇಕು, ಕೆಳಗೆ ಒತ್ತೂ ಬೇಕು. ಅಕ್ಷರ ಅರ್ಧಕ್ಕರ್ಧ ಕುಗ್ಗುತ್ತದೆ. 'ವೇಗ' ಪಾಪದ್ದು, ಒತ್ತಿಲ್ಲ, ಚೊಕ್ಕವಾಗಿ ಕೂತಿತು. 'ಎತ್ತರ' ಎಂದು ಅಚ್ಚುಹಾಕಿ ಒಂದೂವರೆ ಅಡಿ ದೂರದಿಂದ ನೋಡಿದರೆ 'ಉತ್ತರ' ಎಂದೂ ಓದಬಹುದಿತ್ತು. ಬೇರೆಲ್ಲಾದರೂ ಇದು ನಗುವ ಮಾತು. ಆದರೆ ಒಂದು ಮೀಟರು ಎತ್ತರ ತೋರಿಸುವ, ಅದರ ಪಕ್ಕದ್ದು ಉತ್ತರ ದಿಕ್ಕು ತೋರಿಸುವ ಜಾಗ ಅದು.

ಅದಕ್ಕಿಂತ ಆಳದ ತೊಡಕು ಕೆಂಪು ಹಿಡಿಕೆಯಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿ 'ಡು ನಾಟ್ ಪುಲ್'. ಬೇಡ ಎನ್ನುವುದು ಮೊದಲೇ ಬಂದುಬಿಡುತ್ತದೆ, ಏನು ಬೇಡ ಎನ್ನುವುದು ಆಮೇಲೆ. ಕನ್ನಡದಲ್ಲಿ 'ಎಳೆಯಬೇಡಿ'. ಮೊದಲು ಎಳೆಯುವ ಮಾತು, ನಿಷೇಧ ಬಾಲದಲ್ಲಿ. ಶಾಂತವಾಗಿ ಓದುವವರಿಗೆ ಏನೂ ತೊಂದರೆಯಿಲ್ಲ. ಆದರೆ ಗಾಬರಿಯಾದ ಕಣ್ಣು ಪದದ ತಲೆ ಮಾತ್ರ ಹಿಡಿದರೆ? ಹೆಬ್ಬೆರಳು ಬಾಲವನ್ನು ಮುಚ್ಚಿದರೆ? ಔಷಧದ ಚೀಟಿಗಳಲ್ಲಿ ನಾನು ಇದನ್ನು ಮೊದಲೂ ಗಮನಿಸಿದ್ದೆ, 'ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು' ಎಂಬ ಸಾಲು ಎರಡನೇ ಗೆರೆಗೆ ಮುರಿದು 'ಬಾರದು' ಕೆಳಗೆ ಬಿದ್ದಾಗ. ಹಾಗಾಗಿ ವ್ಯಾಕರಣ ಪಕ್ಕಕ್ಕಿಟ್ಟು ಒಂದೇ ಪದ ಬರೆದೆ: 'ಬೇಡ'.

ಇನ್ನು ಒತ್ತಬೇಕಾದ ಬಟನ್ನುಗಳು. 'ಒತ್ತಿ' ಎಂದು ಗೌರವ ಕೊಡುವುದೋ, 'ಒತ್ತು' ಎಂದು ಸಲಿಗೆಯೋ? ವಾಷಿಂಗ್ ಮಷೀನಿನ ಕೈಪಿಡಿಯಲ್ಲಿ ನಾನು ಯೋಚಿಸದೆ 'ಒತ್ತಿರಿ' ಹಾಕುತ್ತೇನೆ. ಇಲ್ಲಿ ಹೇಳುವವನು ಗಂಡ, ಕೇಳುವವಳು ಹೆಂಡತಿ, ಹೇಳುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರುವುದಿಲ್ಲ.

ಈ ನಡುವೆ ಜುಲೈನಲ್ಲಿ ಮಾಮಿಯೇ ಬಂದಳು. ಆಕೆಯ ತಂಗಿ ಪುಣೆಯ ಕೋಥ್ರೂಡಿನಲ್ಲಿ ಇದ್ದಾರೆ, ಮೊಣಕಾಲಿನ ಆಪರೇಶನ್ ಇತ್ತು. ಮಳೆಗಾಲದ ಎರಡು ತಿಂಗಳು ಇಲ್ಲೇ. ಮಾಮಾ ಆ ಅವಕಾಶ ಬಿಡಲಿಲ್ಲ. ಪ್ಯಾನೆಲ್ಲಿನ ಪೂರ್ತಿ ಅಳತೆಯ ನಕ್ಷೆ ನನಗೆ ಕಳಿಸಿ, ಅಚ್ಚು ಹಾಕಿಸಿ ಮಾಮಿಯನ್ನು ಅದರ ಎದುರು ಕೂರಿಸು ಅಂದ. ಕಟ್ಟುವವರಲ್ಲಿ ಇದು ರೂಢಿ. ತಗಡು ಕತ್ತರಿಸುವ ಮೊದಲು ರಟ್ಟಿನ ಮೇಲೆ ಪ್ಯಾನೆಲ್ ಬರೆದು, ಸೀಟಿನ ದೂರದಲ್ಲಿ ಕೂತು, ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ವಾರಗಟ್ಟಲೆ ನೋಡುತ್ತಾರೆ. ರಟ್ಟಿಗೆ ರೂಪಾಯಿ ಲೆಕ್ಕ, ಕೊರೆದ ತೂತಿಗೆ ತೇಪೆ ಇಲ್ಲ.

ಅಪ್ಪಾ ಬಳವಂತ ಚೌಕದ ಹತ್ತಿರ ದೊಡ್ಡ ನಕ್ಷೆ ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಎ-0 ಕಾಗದದ ಮೇಲೆ ತೆಗೆಸಿ, ಥರ್ಮೋಕೋಲಿಗೆ ಅಂಟಿಸಿ, ಊಟದ ಮೇಜಿನ ಮೇಲೆ ನಿಲ್ಲಿಸಿದೆವು. ಹಿಡಿಕೆಗಳ ಜಾಗಕ್ಕೆ ಮಾರ್ಕರ್ ಪೆನ್ನಿನ ಮುಚ್ಚಳ, ಕಪ್ಪು ಮತ್ತು ಕೆಂಪು. ಆರ್‌ವಿಯಲ್ಲಿ ಸ್ಟೀರಿಂಗಿನ ಬದಲು ಮೊಣಕಾಲಿನ ನಡುವೆ ಒಂದು ಕೋಲು ಬರುತ್ತದೆ, ಅದಕ್ಕೆ ಲಟ್ಟಣಿಗೆ. ಎರಡು ಪ್ಲಾಸ್ಟಿಕ್ ಕುರ್ಚಿ. ಎಡಕ್ಕೆ ನಾನು, ಕಣ್ಣು ಮುಚ್ಚಿ ಪ್ರಜ್ಞೆ ತಪ್ಪಿದ ಪೈಲಟ್ ಆಗಿ. ಬಲಕ್ಕೆ ಮಾಮಿ. ಫೋನಿನ ಪರದೆಯಲ್ಲಿ ಮಾಮಾ, ಅಲ್ಲಿ ಬೆಳಗಿನ ಆರು ಗಂಟೆ.

ನಾನು ಲೇಬಲ್ಲುಗಳ ಪಟ್ಟಿ ಓದಿದೆ. ಮಾಮಿ ಪೂರ್ತಿ ಕೇಳಿ ಅಂದಳು: "ಅಕ್ಷರ ನನಗ ಬರ್ತಾವ. ಕನ್ನಡನೂ ಬರ್ತಾವ, ಇಂಗ್ಲಿಷೂ ಬರ್ತಾವ. ಇಪ್ಪತ್ತೆರಡು ವರ್ಷ ಅಲ್ಲೆ ಲೈಬ್ರರಿ ಕೌಂಟರಿನಾಗ ನಿಂತೀನಿ. ಕೈ ಎಲ್ಲಿಡಬೇಕು ಅನ್ನೂದು ಬರೂದುಲ್ಲ. ಅದನ್ನ ಹೇಳ್ರಿ."

ಫೋನಿನಲ್ಲಿ ಮಾಮಾ ಸುಮ್ಮನಾದ.

ಆಮೇಲೆ ಆಕೆ ಕೈ ಚಾಚಿದಳು. ಮಾಮಿ ಐದು ಅಡಿಗೂ ಒಂದು ಇಂಚು ಕಡಿಮೆ. ಸೀಟಿನ ಬೆಲ್ಟು ಬಿಗಿದಿದೆ ಎಂದು ದುಪಟ್ಟಾದಿಂದ ಕುರ್ಚಿಗೆ ಕಟ್ಟಿಕೊಂಡಿದ್ದಳು. ಎಡತುದಿಯ ಮಾಸ್ಟರ್ ಸ್ವಿಚ್ಚಿಗೆ ಬೆರಳು ತಲುಪಲಿಲ್ಲ. ಮಾಮಾನ ಪರದೆಯನ್ನು ಓರೆಯಾಗಿ ನೋಡಿದರೆ ವೇಗದ ಅಂಕಿ ಅರ್ಧ ಹೊಳಪಿನಲ್ಲಿ ಹೋಗುತ್ತದೆ ಎಂದು ಮಾಮಾನೇ ಒಪ್ಪಿದ. ರೇಡಿಯೋದ ಗುಂಡಿ ಸಿಕ್ಕಿತು, ಆದರೆ ಹತ್ತು ಸ್ವಿಚ್ಚುಗಳ ಸಾಲಿನಲ್ಲಿ ಕಣ್ಣುಮುಚ್ಚಿ ಫ್ಯೂಯೆಲ್ ಪಂಪ್ ಹುಡುಕು ಅಂದರೆ ಮೂರು ಸಲವೂ ಆಲ್ಟರ್ನೇಟರ್ ಮೇಲೆ ಕೈಯಿಟ್ಟಳು. ಹತ್ತೂ ಒಂದೇ ಆಕಾರ, ಒಂದೇ ಗಾತ್ರ, ಒಂದೇ ಅಂತರ. ಮಾಮಾ ಅವನ್ನು ತಾನು ಎಂಜಿನ್ ಹಚ್ಚುವ ಕ್ರಮದಲ್ಲಿ ಜೋಡಿಸಿದ್ದ. ಅವನ ತಲೆಯಲ್ಲಿ ಆ ಕ್ರಮ ಮಂತ್ರದಂತೆ ಕೂತಿದೆ. ಬೇರೆಯವರ ತಲೆಯಲ್ಲಿ ಇಲ್ಲ.

ಇದು ಹೊಸ ಸಮಸ್ಯೆಯೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳು ಸುರಕ್ಷಿತವಾಗಿ ಇಳಿದ ಮೇಲೆ ರನ್‌ವೇಯಲ್ಲಿ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್ಟುಗಳು ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರ ಮಡಿಸಿಬಿಡುತ್ತಿದ್ದರು. 1943ರಲ್ಲಿ ಆಲ್ಫೊನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ ಹೋಗಿ ನೋಡಿದರೆ, ಎರಡೂ ಸ್ವಿಚ್ಚುಗಳು ಪಕ್ಕಪಕ್ಕ, ಒಂದೇ ರೂಪ. ಅವರು ಚಕ್ರದ ಹಿಡಿಕೆಗೆ ಒಂದು ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡು ಅಂಟಿಸಿದರು. ಕೈಗೆ ಮುಟ್ಟಿದರೆ ಗೊತ್ತಾಗುವಂತೆ. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 'ಪೈಲಟ್ಟಿನ ತಪ್ಪು' ಎಂದು ಬರೆದುಕೊಂಡಿದ್ದ 460 ಅನುಭವಗಳನ್ನು ಕಲೆಹಾಕಿ ವಿಂಗಡಿಸಿದರು. ಅರ್ಧದಷ್ಟು, ಒಂದರ ಬದಲು ಇನ್ನೊಂದನ್ನು ಹಿಡಿದವು. ಕೈಗೆಟುಕಲಿಲ್ಲ ಎನ್ನುವುದೂ ಅವರ ಪಟ್ಟಿಯಲ್ಲಿ ಪ್ರತ್ಯೇಕ ಬಗೆಯೇ. ಆ ಪಟ್ಟಿ ಓದುವಾಗ ನನಗೆ ಹೊಳೆದದ್ದು, ಭಾಷಾವಿಜ್ಞಾನದಲ್ಲಿ ನಾವು ಪದಕ್ಕೂ ಅರ್ಥಕ್ಕೂ ನಂಟು ಇಲ್ಲ, ರೂಢಿ ಅಷ್ಟೇ ಎಂದು ಮೊದಲ ವಾರವೇ ಕಲಿಯುತ್ತೇವೆ. ಕಾಕ್‌ಪಿಟ್ಟಿನಲ್ಲಿ ಆ ರೂಢಿಯನ್ನು ನೆಚ್ಚಿಕೊಂಡು ಜನ ಸತ್ತ ಮೇಲೆ ಹಿಡಿಕೆಯೇ ತನ್ನ ಅರ್ಥದ ಆಕಾರ ತಾಳಬೇಕಾಯಿತು.

ಮಾಮಾ ಸ್ವಿಚ್ಚುಗಳ ವಿಷಯದಲ್ಲಿ ಬೇಗ ಬಗ್ಗಿದ. ಹತ್ತನ್ನು ಮೂರು ಗುಂಪು ಮಾಡಿ ನಡುವೆ ಬೆರಳಗಲ ಜಾಗ ಬಿಟ್ಟ. ಫ್ಯೂಯೆಲ್ ಪಂಪನ್ನು ಬಲದ ಗುಂಪಿಗೆ ತಂದು ಅದೊಂದಕ್ಕೆ ಬೇರೆ ಆಕಾರದ ಸ್ವಿಚ್ಚು ಹಾಕಿದ. ಜಗಳ ಆದದ್ದು ಪೆಟ್ರೋಲಿನ ಕವಾಟದ ಬಗ್ಗೆ.

ಆರ್‌ವಿಗೆ ಎರಡು ರೆಕ್ಕೆಗಳಲ್ಲಿ ಎರಡು ಟ್ಯಾಂಕು. ಒಂದು ಸಲಕ್ಕೆ ಒಂದರಿಂದಲೇ ಎಂಜಿನ್ನಿಗೆ ಪೆಟ್ರೋಲು. ಎಡ, ಬಲ, ಬಂದ್, ಇಷ್ಟೇ. ರೆಕ್ಕೆಗಳ ತೂಕ ಸಮನಾಗಿರಲು ಆಗಾಗ ಬದಲಾಯಿಸುತ್ತಿರಬೇಕು. ಮರೆತರೆ ಒಂದು ಟ್ಯಾಂಕು ಬರಿದಾಗಿ, ಇನ್ನೊಂದು ತುಂಬಿದ್ದರೂ ಎಂಜಿನ್ ನಿಲ್ಲುತ್ತದೆ. ಕಂಪನಿಯ ನಕ್ಷೆಯಲ್ಲಿ ಆ ಕವಾಟ ಎರಡು ಸೀಟುಗಳ ನಡುವೆ, ನೆಲದ ಹತ್ತಿರ. ಮಾಮಾನಿಗೆ ನಡುವಿನ ಆ ಜಾಗದಲ್ಲಿ ಕೈಯೂರಲು ಒಂದು ಮೆತ್ತೆ, ಥರ್ಮಾಸ್ ಇಡಲು ಒಂದು ಖಾನೆ ಬೇಕಿತ್ತು. ಅದಕ್ಕೆ ಕವಾಟವನ್ನು ತನ್ನ ಎಡಗಡೆಯ ಗೋಡೆಗೆ ಒಯ್ದಿದ್ದ. ಅವನು ಎಡಚ. ಕೈ ಸಹಜವಾಗಿ ಅಲ್ಲಿ ಬೀಳುತ್ತದೆ ಎಂದು ವಾದ.

ಮಾಮಿ ಕೇಳಿದಳು, "ಅದು ನನ್ನ ಕೈಗೆ ಹೆಂಗ ಸಿಗ್ತದ?"

"ಆಕಿಗೆ ಅದು ಬೇಕಾಗೂದುಲ್ಲ" ಅಂದ ಮಾಮಾ, ನನ್ನ ಕಡೆ ತಿರುಗಿ, ಆಕೆ ಅಲ್ಲಿಲ್ಲವೇನೋ ಎಂಬಂತೆ. ಆಟೋಪೈಲಟ್ ಇದೆ, ಹತ್ತಿರದಲ್ಲೇ ಎಲ್ಲಾದರೂ ಇಳಿಸುತ್ತಾಳೆ, ಟ್ಯಾಂಕು ಬದಲಿಸುವಷ್ಟು ಹೊತ್ತು ಹಾರುವುದೇ ಇಲ್ಲ. ಮಾಮಿ ದುಪಟ್ಟಾ ಬಿಚ್ಚಿಕೊಂಡು ಎದ್ದು ಅಡುಗೆಮನೆಗೆ ಹೋದಳು.

ಅಂದು ರಾತ್ರಿ ನಾನು ಮಾಮಾನಿಗೆ ಜಾನ್ ಡೆನ್ವರ್ ಬಗ್ಗೆ ಬರೆದೆ. ಅವನಿಗೆ ಗೊತ್ತಿತ್ತು, ಮನೆಯಲ್ಲಿ ವಿಮಾನ ಕಟ್ಟುವವರಿಗೆಲ್ಲ ಆ ಕಥೆ ಗೊತ್ತು. ಅಮೆರಿಕದ ಆ ಜನಪ್ರಿಯ ಗಾಯಕ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಬಿದ್ದು ಸತ್ತರು. ವಿಮಾನ ಲಾಂಗ್-ಇಝಡ್, ಬರ್ಟ್ ರುಟಾನ್ ವಿನ್ಯಾಸ, ಬೇರೊಬ್ಬರು ಮನೆಯಲ್ಲಿ ಕಟ್ಟಿದ್ದು, ಡೆನ್ವರ್ ಹೊಸದಾಗಿ ಕೊಂಡದ್ದು. ರುಟಾನ್ ನಕ್ಷೆಯಲ್ಲಿ ಪೆಟ್ರೋಲಿನ ಕವಾಟ ಪೈಲಟ್ಟಿನ ಕಾಲುಗಳ ನಡುವೆ. ಕಟ್ಟಿದವರು ಪೆಟ್ರೋಲಿನ ಕೊಳವೆ ಕಾಕ್‌ಪಿಟ್ಟಿನೊಳಗೆ ಬರಬಾರದು ಎಂದು ಅದನ್ನು ಎಡಭುಜದ ಹಿಂದಕ್ಕೆ ಒಯ್ದಿದ್ದರು. ತಪ್ಪು ಉದ್ದೇಶವಲ್ಲ, ಸುರಕ್ಷತೆಯ ಉದ್ದೇಶವೇ. ಹಿಡಿಕೆಯ ಮೇಲೆ ಯಾವ ಗುರುತೂ ಇರಲಿಲ್ಲ. ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಗಾಜಿನ ಮೇಲೂ ಅಳತೆಯ ಗೆರೆ ಇರಲಿಲ್ಲ. ಹಾರುವ ಮೊದಲೇ ಹಿಡಿಕೆ ಎಟುಕುವುದಿಲ್ಲ ಎಂದು ಗೊತ್ತಾಗಿ, ಇಕ್ಕಳ ಹಾಕಿ ತಿರುಗಿಸಲು ಸಾಧ್ಯವೇ ಎಂದೂ ನೋಡಿದ್ದರು. ಆ ಹಿಡಿಕೆ ತಿರುಗಿಸಲು ಮೈಯನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕಿತ್ತು. ಹಾಗೆ ತಿರುಗಿದಾಗ ಬಲಗಾಲು ತಾನಾಗಿ ಪೆಡಲ್ ಒತ್ತುತ್ತದೆ, ವಿಮಾನ ಬಲಕ್ಕೆ ಹೊರಳುತ್ತದೆ. ತನಿಖೆ ನಡೆಸಿದ ಎನ್‌ಟಿಎಸ್‌ಬಿ ಅಪಘಾತಕ್ಕೆ ಕಾರಣಗಳನ್ನು ಹೇಳುವಾಗ ಪೈಲಟ್ಟಿನ ತಯಾರಿಯ ಕೊರತೆಯ ಜೊತೆಗೆ, ಗುರುತಿಲ್ಲದ ಹಿಡಿಕೆಯನ್ನು ಕೈಗೆ ಸಿಗದ ಜಾಗದಲ್ಲಿ ಇಡುವ ನಿರ್ಧಾರವನ್ನೂ ಹೆಸರಿಸಿ ಬರೆಯಿತು.

ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ: ಕಟ್ಟಿದವರಿಗೆ ಆ ಹಿಡಿಕೆ ಎಂದೂ ಅರ್ಥವಾಗದೆ ಹೋಗಿರಲಿಕ್ಕಿಲ್ಲ. ತಮ್ಮ ಮಾತು ತಮಗೆ ಯಾವಾಗಲೂ ಸ್ಪಷ್ಟ. ಭಾಷಾವಿಜ್ಞಾನಿಗಳು ಒಬ್ಬ ವ್ಯಕ್ತಿಯದೇ ಆದ ನುಡಿಯ ರೀತಿಗೆ ಒಂದು ಹೆಸರು ಕೊಡುತ್ತಾರೆ, ಪ್ರತಿಯೊಬ್ಬರಿಗೂ ಅಂಥದೊಂದು ಇದ್ದೇ ಇದೆ ಎನ್ನುತ್ತಾರೆ. ಮಾತಿನಲ್ಲಾದರೆ ಕೇಳುವವರು 'ಏನಂದ್ರಿ?' ಎಂದು ಕೇಳಬಹುದು. ಪ್ಯಾನೆಲ್ಲಿಗೆ ಹಾಗೆ ಕೇಳಲು ಬರುವುದಿಲ್ಲ. ಮನೆಯಲ್ಲಿ ಕಟ್ಟಿದ ವಿಮಾನ ಕಟ್ಟಿದವರ ಬಳಿಯೇ ಉಳಿಯುವುದೂ ಇಲ್ಲ. ಅದೇ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2011ರ ಇಂಥ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆಯವರಿಂದ ಕೊಂಡ ವಿಮಾನಗಳಲ್ಲಿ ಆಗಿದ್ದವು, ಹಲವು ಕೊಂಡ ಹೊಸತರಲ್ಲೇ.

ಮಾಮಾ ಒಂದು ವಾರ ಉತ್ತರಿಸಲಿಲ್ಲ. ಮಾಮಿಗೆ ಮಾತ್ರ ದಿನಾ ಫೋನು ಬರುತ್ತಿತ್ತು, ಅದರಲ್ಲಿ ಕವಾಟದ ಮಾತಿಲ್ಲ. ಮೊಣಕಾಲು ಹೇಗಿದೆ, ಮಳೆ ಎಷ್ಟು, ಅಷ್ಟೇ. ಎಂಟನೆಯ ದಿನ ನನಗೆ ಹೊಸ ನಕ್ಷೆ ಬಂತು, ಒಂದು ಪದದ ವಿವರಣೆಯೂ ಇಲ್ಲದೆ. ಕವಾಟ ಸೀಟುಗಳ ನಡುವೆ, ಕಂಪನಿ ಹೇಳಿದ ಜಾಗದಲ್ಲೇ. ಮೆತ್ತೆ ಇಲ್ಲ, ಥರ್ಮಾಸ್ ಇಲ್ಲ. ಬಲಗಡೆಯ ನಕ್ಷೆಯ ಖಾನೆ ಹೋಗಿ ಅಲ್ಲಿ ಎರಡು ವಸ್ತು ಬಂದಿದ್ದವು. ಒಂದು, ಎಂಜಿನ್ನಿನ ಪರದೆಯನ್ನೇ ಸರಿಸಿ ಮಾಮಿಯ ಎದುರಿಗೆ ತಂದದ್ದು, ಬೇಕಾದಾಗ ಅದರಲ್ಲೂ ದಿಗಂತ ಕಾಣುವಂತೆ. ಇನ್ನೊಂದು, ಹಳೆಯ ಕಾಲದ ಗುಂಡಗಿನ ವೇಗದ ಮೀಟರು, 79 ಮಿಲಿಮೀಟರ್ ತೂತಿನಲ್ಲಿ ಕೂರುವ ಮುಳ್ಳಿನದು.

ಆ ಮೀಟರಿಗೆ ಕರೆಂಟು ಬೇಡ. ರೆಕ್ಕೆಯ ಕೆಳಗಿನ ಕೊಳವೆಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ಮುಳ್ಳು ಏಳುತ್ತದೆ. ಅಂಚಿನಲ್ಲಿ ಬಣ್ಣದ ಕಮಾನುಗಳು: ಫ್ಲ್ಯಾಪ್ ಬಿಚ್ಚಬಹುದಾದ ವೇಗಕ್ಕೆ ಬಿಳಿ, ದಿನನಿತ್ಯದ ಹಾರಾಟಕ್ಕೆ ಹಸಿರು, ಗಾಳಿ ಶಾಂತವಾಗಿದ್ದಾಗ ಮಾತ್ರ ಹಳದಿ, ದಾಟಲೇಬಾರದ ಕಡೆ ಕೆಂಪು ಗೆರೆ. ಮಾಮಿ ಕಾಗದದ ಮೇಲೆ ಬೆರಳಿಟ್ಟು ನೋಡಿದಳು. "ಮುಳ್ಳು ಹಸರಿನಾಗ ಇದ್ರ ನಾ ಬದುಕೀನಿ ಅಂತ ಅರ್ಥ. ಇದಕ್ಕ ಏನೂ ಬರೀಬ್ಯಾಡವಾ."

ಹಾಗೆ ನನ್ನ ಕೆಲಸ ಕರಗುತ್ತ ಬಂತು. ಲೇಬಲ್ಲುಗಳು ಒಂದೊಂದಾಗಿ ಬಿದ್ದುಹೋದವು. ಮಾಮಿ ಕಲಿಯಬೇಕಾದ್ದು ಮೂರೇ ಎಂದು ಆಕೆಯೇ ತೀರ್ಮಾನಿಸಿದಳು. ಆಟೋಪೈಲಟ್ಟಿನ 'ಲೆವೆಲ್' ಬಟನ್, ಒತ್ತಿದರೆ ವಿಮಾನ ರೆಕ್ಕೆ ಸಮ ಮಾಡಿಕೊಂಡು ಏರಿಳಿಯದೆ ಹಾರುತ್ತದೆ. ತನ್ನ ಕೋಲಿನ ಮೇಲಿನ ಮಾತಾಡುವ ಬಟನ್. ರೇಡಿಯೋದಲ್ಲಿ 121.5, ಆಪತ್ತಿಗೆಂದೇ ಮೀಸಲಿಟ್ಟ ಫ್ರೀಕ್ವೆನ್ಸಿ. ಲೆವೆಲ್ ಬಟನ್ ಮೊದಲು ಮಾಮಾನ ಬಲಗೈಯ ಹತ್ತಿರ ಇತ್ತು. ಈಗ ಪ್ಯಾನೆಲ್ಲಿನ ನಟ್ಟನಡುವೆ, ಇಬ್ಬರಿಗೂ ಸಮದೂರದಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿ ಮಾಡುವ ಪರೀಕ್ಷೆ ಪೈಲಟ್ಟುಗಳಲ್ಲಿ ಹಳೆಯದು. ಆಗಸ್ಟ್ ಮುಗಿಯುವ ಹೊತ್ತಿಗೆ ಮಾಮಿ ಥರ್ಮೋಕೋಲಿನ ಮೇಲೆ ಮೂರನ್ನೂ ಕಣ್ಣುಮುಚ್ಚಿ ಹಿಡಿಯುತ್ತಿದ್ದಳು, ಕೊತ್ತಂಬರಿ ಸೋಸುತ್ತ ಮಾತಾಡುತ್ತಲೇ.

ರೇಡಿಯೋದಲ್ಲಿ ಏನು ಹೇಳಬೇಕು ಎಂಬ ಚೀಟಿಯನ್ನು ನಾನು ಬರೆಯಲು ಹೋದೆ. ಮಾಮಿ ಪೆನ್ನು ಕಿತ್ತುಕೊಂಡು ತಾನೇ ಇಂಗ್ಲಿಷಿನಲ್ಲಿ ಬರೆದಳು. ಮೂರು ಸಲ ಮೇಡೇ, ವಿಮಾನದ ನಂಬರು, ಪೈಲಟ್ಟಿಗೆ ಎಚ್ಚರವಿಲ್ಲ, ನಾನು ಪ್ರಯಾಣಿಕಳು. ಕೊನೆಯ ಸಾಲು 'ನಿಧಾನ ಮಾತಾಡಿ'. ಅದೊಂದು ಸಾಲು ಯಾವ ಕೈಪಿಡಿಯಲ್ಲೂ ನಾನು ನೋಡಿಲ್ಲ.

ಕನ್ನಡದಲ್ಲಿ ಉಳಿದ ಲೇಬಲ್ ಒಂದು, ಕೆಂಪು ಹಿಡಿಕೆಯ ಪಕ್ಕದ 'ಬೇಡ'. ಇಂಗ್ಲಿಷ್ ಪದಗಳನ್ನು ಲೇಸರಿನಿಂದ ತಗಡಿಗೇ ಕೆತ್ತಿಸಿದ್ದಾರೆ. 'ಬೇಡ' ಮಾತ್ರ ಅಂಟಿಸುವ ಸ್ಟಿಕ್ಕರು. ಯಾಕೆ ಎಂದು ಮಾಮಿ ಕೇಳಿದ್ದಕ್ಕೆ ಮಾಮಾ, ಮುಂದೆ ಯಾರಾದರೂ ಕೊಂಡರೆ ತೆಗೆಯಲು ಬರಬೇಕಲ್ಲ ಅಂದನಂತೆ. ಆರು ವರ್ಷದಲ್ಲಿ ಅವನು ಈ ವಿಮಾನ ಇನ್ನೊಬ್ಬರದಾಗುವ ಮಾತು ಆಡಿದ್ದು ಅದೇ ಮೊದಲು ಎಂದು ಮಾಮಿ ನನಗೆ ಹೇಳಿದಳು.

ತಗಡು ಜನವರಿಯಲ್ಲಿ ಕತ್ತರಿಸಿ ಬಂತು. ಈಗ ವೈರುಗಳ ಕೆಲಸ ನಡೆದಿದೆ. ಮೊದಲ ಹಾರಾಟ ಈ ಬೇಸಿಗೆಯಲ್ಲಿ ಆಗಬಹುದು. ಆದ ಮೇಲೂ ಕಾನೂನಿನ ಪ್ರಕಾರ ಪರೀಕ್ಷೆಯ 40 ಗಂಟೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ, ಹಾಗಾಗಿ ಬಲಗಡೆಯ ಸೀಟು ಅಲ್ಲಿಯವರೆಗೆ ಖಾಲಿ. ಆ ಸಮಯಕ್ಕೆಂದು ಮಾಮಿ ಹತ್ತಿರದ ಫ್ಲೈಯಿಂಗ್ ಸ್ಕೂಲೊಂದರಲ್ಲಿ ವಾರಕ್ಕೊಮ್ಮೆ ಸೆಸ್ನಾ 172ರಲ್ಲಿ ಪಾಠಕ್ಕೆ ಹೋಗುತ್ತಿದ್ದಾಳೆ. ಪೈಲಟ್ ಆಗಲು ಅಲ್ಲ, ಒಂದು ಸಲ ಇಳಿಸಲು. ಮೊನ್ನೆ ಫೋನಿನಲ್ಲಿ ಹೇಳಿದಳು, ಅದರಲ್ಲೂ ಪೆಟ್ರೋಲಿನ ಕವಾಟ ಸೀಟುಗಳ ನಡುವೆ ನೆಲದ ಮೇಲೇ ಇದೆಯಂತೆ. "ಅದರಾಗ ಎಡ ಅದ, ಬಲ ಅದ, 'ಎರಡೂ' ಅಂತನೂ ಒಂದು ಅದ. ಎರಡೂ ಇದ್ರ ಬದಲಸೂ ಕಾಟನ ಇಲ್ಲ. ನಮ್ಮ ವಿಮಾನದಾಗ ಅದ್ಯಾಕಿಲ್ಲ ಅಂತ ಕೇಳೀನಿ." ಸೆಸ್ನಾದ ರೆಕ್ಕೆ ತಲೆಯ ಮೇಲೆ, ಪೆಟ್ರೋಲು ತಾನಾಗಿ ಇಳಿಯುತ್ತದೆ, ನಮ್ಮದು ಕೆಳಗಿನ ರೆಕ್ಕೆ, ಪಂಪು ಹೀರಬೇಕು, ಬರಿದಾದ ಟ್ಯಾಂಕಿನಿಂದ ಗಾಳಿ ಹೀರಿದರೆ ಎಂಜಿನ್ ನಿಲ್ಲುತ್ತದೆ. ಇದನ್ನು ವಿವರಿಸಲು ಮಾಮಾ ಕಾಗದ, ಪೆನ್ಸಿಲು, ಎರಡು ಲೋಟ ಮತ್ತು ಒಂದು ಸ್ಟ್ರಾ ತೊಗೊಂಡು ಕೂತಿದ್ದಾನಂತೆ. ಮಾಮಿ ಇನ್ನೂ ಒಪ್ಪಿಲ್ಲ.